ಬಾಣಂತಿಯ ಬೆಳ್ತಿಗೆ

ಮೂರು ತಿಂಗಳ ಮೊಮ್ಮಗ ಅಳುವುದೇ ಇಲ್ಲವೆಂಬುದು ಕೋಟದ ವೇದಾವತಿಯಮ್ಮನ ಹೆಮ್ಮೆ. ಯುದ್ಧ ಮುಗಿದ ಮರುವರ್ಷ, ಊರಿಗೆಲ್ಲ ಅಕ್ಕಿಗೆ ತತ್ವಾರ. ಅಂಥದ್ದರಲ್ಲೂ ಸೊಸೆ ಗೋಮತಿಯ ಬಾಣಂತನಕ್ಕೆಂದು ಮಿಲ್ಲಿನಲ್ಲಿ ಎರಡೆರಡು ಸಲ ಪಾಲಿಶ್ ಮಾಡಿಸಿದ ಬೆಳ್ತಿಗೆ ಅಕ್ಕಿ ತರಿಸಿದ್ದರು. ಕೆಂಪು ಕುಚ್ಚಲಕ್ಕಿ ಆಳುಗಳಿಗಾಯಿತು, ತೌಡು ಹಸುವಿಗಾಯಿತು. ಗೋಮತಿಗೆ ಬಿಳೀ ಅನ್ನ, ಕಾಳುಮೆಣಸಿನ ಸಾರು, ತುಪ್ಪ. ಬೇಳೆ ವಾಯು, ಸೊಪ್ಪು ನಂಜು.

“ಅತ್ತೆ, ಕಾಲ್ ಜೋಮ್ ಹಿಡಿತ್ತ್,” ಎಂದಿದ್ದಳು ಗೋಮತಿ.

“ಕೂತಲ್ಲೇ ಕೂತ್ರೆ ಮತ್ತೆಂತ ಆತ್ತ್?”

ಏಳಬಾರದೆಂದು ಕೂರಿಸಿದ್ದೂ ಅವರೇ.

ಒಂದು ಬೆಳಿಗ್ಗೆ ಮಗು ಹಾಲು ಬಿಟ್ಟು ಏದುಸಿರು ಬಿಡತೊಡಗಿತು. ಮಗ ಕಮಲಾಕ್ಷ ಎಲ್ಲರನ್ನೂ ಗಾಡಿಯಲ್ಲಿ ಕುಂದಾಪುರಕ್ಕೆ ಕರೆದೊಯ್ದ. ಡಾಕ್ಟರು ಮುಟ್ಟಿದ್ದೇ ಮಗು ಬಾಯಿ ಅಗಲಿಸಿತು, ಮುಖ ಕೆಂಪಾಯಿತು, ಕಣ್ಣೀರು ಇಳಿಯಿತು. ಸದ್ದಿಲ್ಲ.

“ಮಾಣಿ ಸಾಧು, ಡಾಕ್ಟ್ರೇ. ಮರ್ಕುದೇ ಇಲ್ಲೆ,” ಎಂದರು ವೇದಾವತಿಯಮ್ಮ, ಅಳದ ಮೊಮ್ಮಗನ ಹೆಮ್ಮೆಯಲ್ಲಿ.

“ಈಗ ಮರ್ಕ್ತಾ ಇಪ್ಪುದೇ ಅಮ್ಮ. ಸ್ವರ ಬತ್ತಾ ಇಲ್ಲೆ, ಅಷ್ಟೆ. ಬಾಣಂತಿಗೆ ಉಂಬುಕೆ ಎಂತ ಕೊಡ್ತ್ರಿ?”

ವೇದಾವತಿಯಮ್ಮ ಅಭಿಮಾನದಿಂದಲೇ ಹೇಳಿದರು. ಡಾಕ್ಟರು ಸೂಜಿಗೆ ಮದ್ದು ಎಳೆಯುತ್ತ, ಅಕ್ಕಿಯ ಸತ್ವವೆಲ್ಲ ತೌಡಿನಲ್ಲಿ ಹೋಯಿತು, ತಾಯಿಗಿಲ್ಲದ್ದು ಹಾಲಿಗೆಲ್ಲಿಂದ ಬರಬೇಕು ಎಂದರು. “ಉಪವಾಸ ಹಾಕಿದವ್ರನ್ನ ಕಂಡಿದ್ದೆ. ತುಪ್ಪ ಬಡ್ಸಿ ಉಪವಾಸ ಹಾಕಿದವ್ರನ್ನ ಇವತ್ತೇ ಕಂಡದ್ದ್. ಇಬ್ರೂ ಇಲ್ಲೇ ಇರ್ಲಿ. ನೀವು ಹೋಯಿ ಕುಚ್ಚಲಕ್ಕಿ, ಹೆಸ್ರುಬೇಳೆ ತನ್ನಿ. ಮಗು ಉಳಿತ್ತಾ ಅಂತ ನಾಳೆ ಹೇಳ್ತೆ.”

ವೇದಾವತಿಯಮ್ಮ ಮಗನೊಂದಿಗೆ ಕೋಟಕ್ಕೆ ಗಾಡಿ ಹತ್ತಿದರು. ದಾರಿಯಲ್ಲಿ ಕೋಟೇಶ್ವರ ಬಂದಾಗ ಥಟ್ಟನೆ ನೆನಪಾಯಿತು: ಇಲ್ಲೇ ಇರುವ ತಂಗಿ ಜಲಜಳ ಮಗಳ ಬಾಣಂತನಕ್ಕೂ ಅದೇ ಅಕ್ಕಿ ಕಳಿಸಿ, ಅದೇ ಪಥ್ಯ ಹೇಳಿದ್ದು ತಾನೇ.

“ಕಮಲಾಕ್ಷ, ಗಾಡಿ ನಿಲ್ಸ್.”

ಜಲಜ ಬಾಗಿಲಲ್ಲೇ ಇದ್ದಳು. ಮಗಳಿಗೆ ಆ ಅನ್ನ ಬೇಡ, ಕುಚ್ಚಲಕ್ಕಿ ಕೊಡು ಎಂಬ ಅಕ್ಕನ ಮಾತು ಕೇಳಿ ಅವಳ ಮೋರೆ ಗಂಟಾಯಿತು.

“ಎಂತಕ್ಕ, ಕೊಟ್ಟದ್ದನ್ನ ವಾಪಾಸ್ ಕೇಂಬುಕೆ ಬಂದದ್ದಾ? ನಿಮ್ ಸೊಸೆಗೆ ಬೆಳ್ತಿಗೆ, ನನ್ ಮಗ್ಳಿಗೆ ಆಳುಗಳ ಗಂಜಿಯಾ?”

ಜಗಲಿಯ ಮೇಲೆ ನೆರೆಯವರಿಬ್ಬರು ಕಿವಿ ನಿಮಿರಿಸಿ ಕೂತಿದ್ದರು. ವೇದಾವತಿಯಮ್ಮ ಅವರಿಗೂ ಕೇಳುವಂತೆಯೇ ಹೇಳಿದರು:

“ನನ್ ಮೊಮ್ಮಗನ ಗಂಟ್ಲು ಕಟ್ಟಿದ್ದ್ ನಾನೇ, ಜಲಜಾ. ಅವ ಉಳಿತ್ನೋ ಇಲ್ಯೋ ಗೊತ್ತಿಲ್ಲೆ.”

ಒಳಗೆ ಮಗು ಅತ್ತಿತು. ಅಕ್ಕತಂಗಿಯರಿಬ್ಬರೂ ಕಿವಿಗೊಟ್ಟರು. ಸ್ವರವಿತ್ತು, ಆದರೆ ಒಡೆದಿತ್ತು.

“ಗಾಡಿ ಬಾಗ್ಲಲ್ಲೇ ಇತ್ತ್,” ಎಂದರು ವೇದಾವತಿಯಮ್ಮ. “ತಾಯಿ ಮಗು ಇಬ್ರನ್ನೂ ಡಾಕ್ಟ್ರ ಹತ್ರ ಹೊರಡ್ಸ್.”