ಹುಬ್ಬು ಸಾಹೇಬರು ನಕ್ಕ ಫೋಟೋ

ನಮ್ಮಪ್ಪ ನಗುತ್ತಿದ್ದರು ಎಂದರೆ ಅವರ ಹಳೆಯ ಠಾಣೆಯಲ್ಲಿ ಒಬ್ಬರೂ ನಂಬುವುದಿಲ್ಲ. ನಂಬದಿದ್ದರೆ ಅವರ ಹಣೆಬರಹ ಎಂದು ನಾನಾಗಿದ್ದರೆ ಸುಮ್ಮನಾಗುತ್ತಿದ್ದೆ. ಅಮ್ಮ ಸುಮ್ಮನಾಗಬೇಕಲ್ಲ! ತೀರಿಹೋದ ಸಾಹೇಬರ ಫೋಟೋವನ್ನು ಠಾಣೆಯ ಸಭಾಂಗಣದ ಗೋಡೆಗೆ ಹಾಕುತ್ತೇವೆ ಎಂದು ಹೊಸ ಇನ್‌ಸ್ಪೆಕ್ಟರ್ ಹೇಳಿಕಳಿಸಿದಾಗಿನಿಂದ ಅವಳದ್ದು ಒಂದೇ ಹಟ.

"ನಗ್ತಿರೋ ಫೋಟೋನೇ ಹಾಕ್ಬೇಕು. ಗೋಡೆ ಮೇಲೆ ನಿಂತ್ಕೊಂಡು ಹೋಗಿಬರೋರನ್ನೆಲ್ಲ ಗದರಿಸ್ತಾ ಇರೋದು ಬೇಡ. ನನ್ನ ಗಂಡ ಅಂಥವರಲ್ಲ."

ಅಂಥವರೇ, ನಿಜ ಹೇಳಬೇಕೆಂದರೆ. ಅಪ್ಪನ ಎರಡು ಹುಬ್ಬುಗಳೂ ಮೂಗಿನ ಮೇಲೆ ಬಂದು ಒಂದನ್ನೊಂದು ತಬ್ಬಿಕೊಂಡಿದ್ದವು. ಹುಬ್ಬು ಸಾಹೇಬ್ರು ಎಂದೇ ಹೆಸರು. ಅವರು ಕಣ್ಣು ಕಿರಿದು ಮಾಡಿದರೆ ಸಾಕು, ಜೇಬುಗಳ್ಳರು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಿದ್ದರಂತೆ. ಮನೆಯಲ್ಲೂ ಅದೇ ಕಾನೂನು. ಒಂದು ಲೋಟ ಒಡೆದರೆ ನನ್ನನ್ನೂ ತಮ್ಮನನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿ, "ನಿನ್ನ ತಮ್ಮ ಎಲ್ಲಾ ಬಾಯಿಬಿಟ್ಟಿದಾನೆ, ನೀನೂ ಹೇಳ್ಬಿಡು" ಎನ್ನುವರು. ಇದು ಪೊಲೀಸರ ಹಳೇ ತಂತ್ರ ಎಂದು ನನಗೆ ಗೊತ್ತಿತ್ತು. ಆದರೆ ಆ ದರಿದ್ರದವನು ನಿಜವಾಗಿಯೂ ಬಾಯಿಬಿಟ್ಟಿರುತ್ತಿದ್ದ! ನನ್ನ ಗಂಡ ಮೊದಲ ಸಲ ನಮ್ಮ ಮನೆಗೆ ಬಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ನಿನ್ನೆ ಸಾಯಂಕಾಲ ಎಲ್ಲಿದ್ರಿ?" ಆ ಮನುಷ್ಯ ಇವತ್ತಿಗೂ ಯಾರೂ ಕೇಳದೆಯೇ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ ಎಂದು ಒಪ್ಪಿಸುತ್ತಾನೆ. ಆ ಉಪಕಾರಕ್ಕೆ ಅಪ್ಪನಿಗೆ ನಾನು ಋಣಿ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಅಮ್ಮ ನನ್ನನ್ನು ಬಿಡುವುದಿಲ್ಲ. ಬೆಳಿಗ್ಗೆ ತಮ್ಮ ಖಾಕಿಗಿಂತ ಮೊದಲು ನಮ್ಮ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವರು ಅಪ್ಪನೇ. ನನಗೆ ಜಡೆ ಹಾಕುತ್ತಿದ್ದವರೂ ಅವರೇ. ಕೈದಿ ಬಿಚ್ಚಿಕೊಂಡು ಓಡಿಹೋಗಬಾರದು ಎಂಬಷ್ಟು ಬಿಗಿಯಾಗಿ. ಅಮ್ಮನ ಹೊಲಿಗೆ ಮೆಷಿನ್ನಿನ ಸೂಜಿಗೆ ದಾರ ಪೋಣಿಸದೆ ಅವರು ಡ್ಯೂಟಿಗೆ ಹೊರಟಿದ್ದನ್ನು ನಾನು ನೋಡಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ನಗುತ್ತಲೂ ಇದ್ದರು. ಶಬ್ದವಿಲ್ಲ, ಬರೀ ಭುಜ ಕುಣಿಯುತ್ತಿತ್ತು.

ಆದರೆ ಭುಜದ ಫೋಟೋ ತೆಗೆದವರು ಯಾರು? ಮನೆಯ ಕ್ಯಾಮೆರಾ ಸದಾ ಅಪ್ಪನ ಕೈಯಲ್ಲೇ. ವರ್ಷಕ್ಕೊಮ್ಮೆ ನಮ್ಮನ್ನು ಗೋಡೆಗೆ ಒರಗಿಸಿ, ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುತ್ತಿದ್ದರು. ನಮ್ಮ ಆಲ್ಬಂ ನೋಡಿದ ನೆಂಟರು, "ಇವರೆಲ್ಲ ಯಾವ ಕೇಸಿನವರು?" ಎಂದು ಕೇಳಿದ್ದುಂಟು. ನಾನೂ ತಮ್ಮನೂ ಕಪಾಟು, ಪೆಟ್ಟಿಗೆ, ಹಾಸಿಗೆಯ ಕೆಳಗೆ ಎಲ್ಲ ತಡಕಾಡಿದ ಮೇಲೆ ಸಿಕ್ಕಿದ್ದು ಮೂರೇ. ಒಂದು, ಅಪ್ಪನ ಗುರುತಿನ ಚೀಟಿಯ ಫೋಟೋ. ನೋಡಿದರೆ ಮಕ್ಕಳು ಅಳುತ್ತಾರೆ. ಇನ್ನೊಂದು, ನಿವೃತ್ತಿಯ ದಿನದ್ದು, ಕಣ್ಣು ಮುಚ್ಚಿದೆ. ಮೂರನೆಯದು ಮದುವೆಯದು. ಅದರಲ್ಲಿ ಅಮ್ಮನ ಕೈ ಹಿಡಿದಿರುವ ರೀತಿ ನೋಡಿದರೆ ದಸ್ತಗಿರಿ ಮಾಡಿಕೊಂಡು ಹೊರಟ ಹಾಗಿದೆ.

"ಅವರು ನಕ್ಕಿರೋ ಫೋಟೋ ಇಲ್ಲಮ್ಮ. ಇಲ್ವೇ ಇಲ್ಲ," ಎಂದೆ.

"ಇದೆ."

"ಎಲ್ಲಿ?"

ಅಮ್ಮ ಸೊಪ್ಪು ಬಿಡಿಸುತ್ತಾ ಕೂತಳು. ನನಗೆ ಪಿತ್ತ ನೆತ್ತಿಗೇರಿತು. ಮನೆಯೆಲ್ಲ ತಲೆಕೆಳಗು ಮಾಡಿದ್ದೇವೆ, ಈಕೆ ನೋಡಿದರೆ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ! ಅಪ್ಪ ಇದ್ದಿದ್ದರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸುತ್ತಿದ್ದರು.

ಠಾಣೆಗೆ ಮೂವರೂ ಹೋದೆವು. ಸಭಾಂಗಣದ ಗೋಡೆಯ ಮೇಲೆ ಹಿಂದಿನ ಅಧಿಕಾರಿಗಳೆಲ್ಲ ಯೂನಿಫಾರ್ಮಿನಲ್ಲಿ ಬಿರುಗಣ್ಣು ಬಿಟ್ಟುಕೊಂಡು ನಿಂತಿದ್ದರು. ಕೊನೆಯಲ್ಲಿ ಅಪ್ಪನಿಗೊಂದು ಖಾಲಿ ಜಾಗ. ನಾವು ತಂದ ಮೂರು ಫೋಟೋಗಳನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ.

"ಗುರುತಿನ ಚೀಟಿದೇ ದೊಡ್ಡದು ಮಾಡಿಸಿ ಹಾಕೋಣ ಅಮ್ಮಾ. ಗತ್ತಾಗಿದೆ."

ಅಮ್ಮ ಗೋಡೆಯ ಖಾಲಿ ಜಾಗವನ್ನು ನೋಡಿದಳು, ನಮ್ಮಿಬ್ಬರನ್ನು ನೋಡಿದಳು. ಆಮೇಲೆ ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಹಳೇ ಫೋಟೋ ತೆಗೆದು ಸಾಲಿನ ಕೊನೆಗೆ ಇಟ್ಟಳು.

ನಾವು ಬಗ್ಗಿ ನೋಡಿದೆವು. ಮಾಮೂಲಿ ಷರ್ಟು ಹಾಕಿದ ಹುಡುಗ ವಯಸ್ಸಿನ ಅಪ್ಪ. ಎದೆಯ ಮೇಲೆ ಮೂರು ಎಂದು ಬರೆದ ಹಲಗೆ. ಹುಬ್ಬುಗಳೆರಡೂ ಹಣೆಗೆ ಹತ್ತಿಕೊಂಡಿವೆ, ಕತ್ತು ಹಿಂದಕ್ಕೆ ವಾಲಿದೆ, ಬಾಯಿ ತೆರೆದು ಎಲ್ಲ ಹಲ್ಲೂ ಕಾಣುವ ಹಾಗೆ ನಗುತ್ತಿದ್ದಾರೆ. ಪಕ್ಕದಲ್ಲಿ ನಾಲ್ಕನೇ ನಂಬರಿನ, ದಪ್ಪ ಹುಬ್ಬಿನ ಸಣಕಲ ಮನುಷ್ಯನೊಬ್ಬ ಯಾರನ್ನೋ ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದಾನೆ.

"ಅಪ್ಪ ಜೈಲಿಗೆ ಹೋಗಿದ್ರಾ?" ಎಂದ ತಮ್ಮ.

"ಬಾಯ್ಮುಚ್ಚೋ!" ಎಂದವಳೇ ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಕೈಚೀಲದ ಹಿಡಿಯನ್ನು ತಿರುವುತ್ತಾ ಹೇಳತೊಡಗಿದಳು. "ಮದುವೆಗೆ ಮುಂಚೆ ನನ್ನ ಸೈಕಲ್ ಕಳುವಾಯ್ತು. ಕದ್ದೋನು ಒಂದ್ಸಲ ತಿರುಗಿ ನೋಡಿದ್ದ. ಆ ದಪ್ಪ ಹುಬ್ಬೊಂದೇ ನೆನಪಿತ್ತು ನಂಗೆ. ಇವರು ಒಬ್ಬನ್ನ ಹಿಡಿದು, ಅವನ ಥರ ಇರೋರ ಜೊತೆ ಸಾಲಾಗಿ ನಿಲ್ಲಿಸಿ, ಗುರುತು ಹಿಡೀಬೇಕು ಬನ್ನಿ ಅಂತ ಕರೆಸಿದ್ರು. ದಪ್ಪ ಹುಬ್ಬಿನೋರು ಒಬ್ರು ಕಡಿಮೆ ಬಿದ್ರಂತೆ. ಇವರೇ ಷರ್ಟು ಬದಲಾಯಿಸ್ಕೊಂಡು ಸಾಲಲ್ಲಿ ನಿಂತುಬಿಟ್ಟಿದ್ರು."

"ನೀನು?" ಎಂದೆ. ನನಗೆ ಆಗಲೇ ಹೊಳೆದಿತ್ತು.

"ಸೀದಾ ಹೋಗಿ ಇವರನ್ನೇ ತೋರಿಸ್ದೆ. ಇವನೇ ಸಾರ್, ಕಳ್ಳನ ಕಳೆ ಮುಖದಲ್ಲೇ ಇದೆ ಅಂದೆ. ಪಕ್ಕದಲ್ಲಿ ನಿಂತಿದ್ದ ಕಳ್ಳನಿಗೇ ತಡ್ಕೊಳ್ಳೋಕಾಗ್ಲಿಲ್ಲ. 'ಅಯ್ಯೋ ಅಕ್ಕಾ, ಅವರು ಸಾಹೇಬ್ರು. ಕದ್ದಿದ್ದು ನಾನು' ಅಂದುಬಿಟ್ಟ. ಇವರು ನಕ್ಕರು ನೋಡಿ... ಸಾಲಿನ ಫೋಟೋ ತೆಗೀತಿದ್ದೋನು ಆಗ್ಲೇ ಗುಂಡಿ ಒತ್ತಿದ. ಕೇಸಿಗೆ ಅದು ಉಪಯೋಗಕ್ಕೆ ಬರ್ಲಿಲ್ಲ, ಇವರು ಇಸ್ಕೊಂಡ್ರು. ಸೈಕಲ್ ವಾಪಸ್ ಕೊಟ್ಟಮೇಲೂ, ಗಾಳಿ ಸರಿಯಾಗಿದೆಯಾ, ಬೆಲ್ ಹೊಡ್ಕೊಳ್ಳುತ್ತಾ ಅಂತ ವಾರವಾರ ವಿಚಾರಣೆಗೆ ಬರೋರು."

ಹಿರಿಯರು ನೋಡಿ ಮಾಡಿದ ಮದುವೆ ಎಂದು ನಮಗೆ ಹೇಳಿಕೊಂಡು ಬಂದಿದ್ದವಳು ಈ ಮಹಾತಾಯಿ! ಪತ್ತೇದಾರನ ಮಕ್ಕಳಾಗಿ ನಮಗೆ ಇಷ್ಟೂ ಪತ್ತೆಯಾಗಿರಲಿಲ್ಲ.

"ಪೊಲೀಸಿನವನ ಹೆಂಡ್ತಿ ಗಂಡನ್ನೇ ಕಳ್ಳ ಅಂದ್ಳು ಅಂತ ಜನ ಆಡ್ಕೊಳ್ಳಲ್ವಾ? ಮಕ್ಕಳಿಗೂ ಹೇಳ್ಕೂಡ್ದು ಅಂತ ಇವರ ಹತ್ರ ಆಣೆ ಹಾಕಿಸ್ಕೊಂಡಿದ್ದೆ," ಎಂದಳು.

ಇನ್‌ಸ್ಪೆಕ್ಟರ್ ನಕ್ಕು ಕಣ್ಣು ಒರೆಸಿಕೊಂಡರು. ಆದರೂ ತಲೆ ಕೆರೆದುಕೊಂಡರು. "ಫೋಟೋ ಚೆನ್ನಾಗಿದೆ ಅಮ್ಮಾ. ಆದ್ರೆ ಎದೆ ಮೇಲೆ ನಂಬರ್... ಬಂದೋರು ತಪ್ಪು ತಿಳ್ಕೊಂಡ್ರೆ? ಇಲ್ಲಿ ಎಲ್ರೂ ಯೂನಿಫಾರ್ಮಲ್ಲಿದ್ದಾರೆ."

ಅಮ್ಮನ ಮುಖ ಬಾಡಿಹೋಯಿತು. ಜೀವಮಾನವಿಡೀ ಮುಚ್ಚಿಟ್ಟಿದ್ದ ಮಾನ ಹೋಯಿತು, ಫೋಟೋನೂ ಗೋಡೆಗೆ ಹತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. "ನೋಡಿ ಸಾರ್, ಯೂನಿಫಾರ್ಮ್ ಹಾಕ್ಕೊಂಡು ಗುರಾಯಿಸೋರು ಗೋಡೆ ತುಂಬ ಇದ್ದಾರೆ..." ಎಂದು ಶುರು ಮಾಡಿದೆ. ಅಮ್ಮ ನನ್ನ ತೋಳು ಹಿಡಿದು ಸುಮ್ಮನಾಗಿಸಿ ಎದ್ದು ನಿಂತಳು.

"ಸಾರ್, ಸಾಲು ಹೇಗಿದ್ರೂ ಜೋಡಿಸಿದ್ದೀರಲ್ಲ. ಗುರುತು ಹಿಡಿಯೋಕೆ ಬಂದೋರನ್ನ ಏನು ಕೇಳ್ತೀರೋ ಅದನ್ನೇ ನನ್ನನ್ನೂ ಕೇಳಿ."

ಇನ್‌ಸ್ಪೆಕ್ಟರ್ ತಲೆಗೆ ಟೋಪಿ ಇಟ್ಟುಕೊಂಡರು. ಆಮೇಲೆ ನೆಟ್ಟಗೆ ನಿಂತು ಕೇಳಿದರು. "ಇವರಲ್ಲಿ ನಿಮಗೆ ಗೊತ್ತಿರೋ ವ್ಯಕ್ತಿ ಯಾರು ಅಂತ ತೋರಿಸಿ."

ಅಮ್ಮ ಮೇಜಿನ ಉದ್ದಕ್ಕೂ ನಿಧಾನವಾಗಿ ನಡೆದಳು. ಗುರುತಿನ ಚೀಟಿಯ ಮುಂದೆ ನಿಂತಳು, ಮುಂದೆ ಹೋದಳು. ಕಣ್ಣು ಮುಚ್ಚಿದ್ದನ್ನು ನೋಡಿದಳು, ಮದುವೆಯದನ್ನೂ ದಾಟಿದಳು. ಕೊನೆಯ ಫೋಟೋದ ಮೇಲೆ ಬೆರಳಿಟ್ಟಳು.

"ಇವನೇ."

ನಾನು ಹುಟ್ಟಿದಾಗಿನಿಂದ ಅಪ್ಪನನ್ನು ಅವಳು 'ಇವರು' ಎಂದಲ್ಲದೆ ಕರೆದಿದ್ದನ್ನು ಕೇಳಿದವಳಲ್ಲ. ಠಾಣೆ ಎಂಬುದನ್ನೂ ಮರೆತು ನಾನು ಗೊಳೋ ಎಂದು ಅತ್ತೆ.

"ಚೆನ್ನಾಗಿ ನೋಡಿ ಹೇಳಿ ಅಮ್ಮಾ. ತಪ್ಪಾಗಿರಬಹುದಾ?"

"ಇವನೇ ಸಾರ್," ಎಂದಳು ಅಮ್ಮ. "ಉಳಿದೋರು ಯಾರೋ, ನಂಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಬಾಗಿಲ ಕಡೆ ತಿರುಗಿ, ಸುತ್ತಿಗೆ ಮೊಳೆ ತರಲು ಹೇಳಿದರು.