ಹದಿನಾಲ್ಕು ಸಾಲು ಹೆಚ್ಚು

ಎಡತೋಳು ಮತ್ತೆ ಉದ್ದವಾಗಿತ್ತು. ಹೆಣಿಗೆ ಯಂತ್ರದಿಂದ ಇಳಿದ ಸ್ವೆಟರನ್ನು ಮೇಜಿನ ಮೇಲೆ ಹರಡಿ ಅವಳು ಸಾಲು ಎಣಿಸಿದಳು: ಹದಿನಾಲ್ಕು ಹೆಚ್ಚು. ವಿನ್ಯಾಸದ ಆದೇಶಗಳನ್ನು ಓದಿ ಯಂತ್ರ ನಡೆಸುವ ವರ್ಚುವಲ್ ಮಷಿನ್ ಎಂಬ ತಂತ್ರಾಂಶ ಬರೆದವಳು ಅವಳೇ. ಈ ವಾರದವರೆಗೆ, ನಾಲ್ಕು ವರ್ಷ, ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ವಿನ್ಯಾಸ ಬರೆಯುವವನು ಅವಳ ಮೈದುನ. ಅವನಿಗೆ ಈ ಕೆಲಸ ಕೊಡಿಸಿದವಳೂ ಅವಳೇ.

ಎಡತೋಳಿನ ನಡುವೆ ಹೂವು ಬೇಕಾದಾಗ ಪ್ರೋಗ್ರಾಮ್ ಅಲ್ಲೇ ನಿಂತು 'ಹೂವು' ಎಂಬ ಸಬ್‌ರುಟೀನನ್ನು, ಅಂದರೆ ಬೇರೆಯಾಗಿ ಬರೆದಿಟ್ಟ ಪುಟ್ಟ ಆದೇಶಗುಚ್ಛವನ್ನು, ಕರೆಯುತ್ತದೆ. ಅದಕ್ಕೆ ಮುನ್ನ ಎಲ್ಲಿಗೆ ಮರಳಬೇಕು, ಎಷ್ಟನೇ ಸಾಲಿನಲ್ಲಿದ್ದೆ ಎಂಬುದನ್ನು ಎತ್ತಿಡುತ್ತದೆ. ಈಗ ಮರಳುತ್ತಿದ್ದುದು ಸರಿಯಾದ ಜಾಗಕ್ಕೇ. ಸಾಲಿನ ಲೆಕ್ಕ ಮಾತ್ರ ಬೇರೆ. ಯಾರೋ ಕೈಯಾಡಿಸಿದ್ದಾರೆ.

ಊಟ ಬೇಗ ಮುಗಿಸಿ ಬಂದಾಗ ಮೈದುನ ಅವಳ ಕುರ್ಚಿಯಲ್ಲಿದ್ದ. ಅವಳನ್ನು ಕಂಡದ್ದೇ ತಡ, ತೆರೆದಿದ್ದ ಕಡತ ಮುಚ್ಚಿದ.

"ಏನೋ ಮಾಡ್ತಿದ್ದೀಯ?"

"ಏನಿಲ್ಲ ಅತ್ತಿಗೆ, ಟೈಮ್ ನೋಡ್ತಿದ್ದೆ."

ಎದುರು ಗೋಡೆಯಲ್ಲಿ ತಟ್ಟೆಯಷ್ಟು ದೊಡ್ಡ ಗಡಿಯಾರವಿತ್ತು. ಕಳೆದ ವಾರ ಅವನು ಕಾರ್ಖಾನೆಯ ಯಜಮಾನರ ಕೋಣೆಯಲ್ಲಿ ಅರ್ಧ ಗಂಟೆ ಕೂತದ್ದೂ ನೆನಪಾಯಿತು. ಹಾವಿಗೆ ಹಾಲೆರೆದೆನೇ ಎಂದುಕೊಂಡಳು.

ಪ್ರತಿ ಕರೆಯಲ್ಲೂ ಎತ್ತಿಟ್ಟ ಸಂಖ್ಯೆ ಕಾಗದದ ಮೇಲೆ ಅಚ್ಚಾಗುವಂತೆ ಮಾಡಿ ಯಂತ್ರ ಓಡಿಸಿದಳು. ಹೂವು ಎಲೆಯನ್ನು ಕರೆದಿತ್ತು, ಎಲೆ ಈ ವಾರ ಹೊಸದಾಗಿ ಸೇರಿದ ಮೊಗ್ಗನ್ನು. ಮರಳುವ ಜಾಗಗಳನ್ನು ಒಂದರ ಮೇಲೊಂದು ಪೇರಿಸಿದ್ದವಳು ಸಾಲಿನ ಲೆಕ್ಕಕ್ಕೆ ಒಂದೇ ಪೆಟ್ಟಿಗೆ ಕೊಟ್ಟಿದ್ದಳು! ಒಳಗಿನ ಕರೆ ಹೊರಗಿನದರ ಲೆಕ್ಕ ಅಳಿಸಿ ತನ್ನದನ್ನು ಬರೆಯುತ್ತಿತ್ತು. ತಪ್ಪು ಅವಳದೇ.

ಹಾಗಾದರೆ ಎಲೆಯಿದ್ದ ಹೂವುಗಳು ಇಷ್ಟು ದಿನ ಸರಿಬಂದದ್ದು ಹೇಗೆ? ಮೈದುನನ ಆದೇಶಗಳನ್ನು ತೆಗೆದಳು. ಹೂವು, ಎಲೆ ಎರಡರಲ್ಲೂ ಮೊದಲಲ್ಲೊಂದು ಆದೇಶ, ಪೆಟ್ಟಿಗೆಯ ಲೆಕ್ಕವನ್ನು ಮೆಮೊರಿಯ ಮೂಲೆಯ ಖಾಲಿ ಜಾಗದಲ್ಲಿ ಬಚ್ಚಿಡಲು. ಕೊನೆಯಲ್ಲೊಂದು, ಮರಳಿ ಇಡಲು.

"ಇದೇನಿದು?"

ಅವನು ಕಿವಿ ಕೆರೆದುಕೊಂಡ. "ನಿಮ್ಮ ಪೆಟ್ಟಿಗೆ ಒಂದೇ ಅಂತ ಹೋದ ವರ್ಷಾನೇ ಗೊತ್ತಾಯ್ತು. ಯಜಮಾನ್ರ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಸುಮ್ನಿದ್ದೆ."

"ನನಗಾದ್ರೂ ಹೇಳ್ಬಹುದಿತ್ತಲ್ಲ?"

"ನಿಮಗೆ ಕೋಪ ಮೂಗಿನ ತುದೀಲೇ ಇರುತ್ತಲ್ಲ ಅತ್ತಿಗೆ."

"ನೀನು ಬಚ್ಚಿಟ್ಟ ಜಾಗಾನೂ ಒಂದೇ ಕಣೋ. ಮೊಗ್ಗನ್ನ ಕರೆಯೋ ಮೊದ್ಲು ಎಲೆಯೂ ಅಲ್ಲೇ ಇಟ್ಟು, ಹೂವು ಇಟ್ಟಿದ್ದನ್ನ ಅಳಿಸ್ತು."

ಅವನು ಕಾಗದಕ್ಕೆ ಮುಖ ಹಚ್ಚಿ ನೋಡಿ ನಾಲಿಗೆ ಕಚ್ಚಿಕೊಂಡ. ಅವಳಿಗೆ ನಗು ಬಂತು. ಮನಸ್ಸು ಹಗುರಾಗಿ, ಅವನನ್ನೂ ಕರೆದುಕೊಂಡು ಯಜಮಾನರ ಬಳಿ ಹೋಗಿ ತಪ್ಪೊಪ್ಪಿಕೊಂಡಳು.

"ಗೊತ್ತಮ್ಮ," ಎಂದರು ಅವರು ಕನ್ನಡಕ ಒರೆಸುತ್ತ. "ಹೋದ ವಾರಾನೇ ಇವನು ಹೇಳಿದ್ದ."

ಅವಳು ತಿರುಗಿ ನೋಡಿದಳು. ಮೈದುನ ಸೂರು ನೋಡುತ್ತಿದ್ದ.

ಸಂಜೆಯೊಳಗೆ ಸಾಲಿನ ಲೆಕ್ಕಗಳನ್ನೂ ಒಂದರ ಮೇಲೊಂದು ಪೇರಿಸಿ, ಮೇಲಿನಿಂದಲೇ ತೆಗೆಯುವಂತೆ ತಿದ್ದಿದಳು. ತೋಳು ಸರಿಯಾಗಿ ಬಂತು. ಅಂದಿನಿಂದ ಅವನು ಬರೆದ ಪ್ರತಿ ವಿನ್ಯಾಸವನ್ನೂ ಮೊದಲ ಸಾಲಿನಿಂದ ಕೊನೆಯವರೆಗೆ ಅವಳೇ ಓದಿ, ಆಮೇಲಷ್ಟೇ ಯಂತ್ರಕ್ಕೆ ಬಿಡತೊಡಗಿದಳು.