ಕಪ್ಪೆಚಿಪ್ಪಿನ ಮಾತ್ರೆ

ಭಾನುವಾರ ಬೆಳಿಗ್ಗೆ ಗಿರಿಜಾಂಬ ಬಾಯಿ ಮುಕ್ಕಳಿಸಿ ಉಗಿದದ್ದು ಬರೀ ರಕ್ತ. ಹಿಂದಿನ ವರ್ಷ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗಿನಿಂದ ಆಕೆ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರು. ಮಾಗಡಿಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದ ಮಗಳು ಕವನ ರಜೆಗೆಂದು ಸೋಲೂರಿಗೆ ಬಂದಿದ್ದಳು. ಆಸ್ಪತ್ರೆಗೆ ಹೊರಡಿಸಲು ಬೀರುವಿನಿಂದ ಅಮ್ಮನ ಸೀರೆ ತೆಗೆದಾಗ ಮಡಿಕೆಯೊಳಗಿಂದ ಒಂದು ಡಬ್ಬಿ ಉರುಳಿತು. ಕಡಲ ಕಪ್ಪೆಚಿಪ್ಪಿನ ಸಾರದ ಕ್ಯಾಪ್ಸೂಲ್. ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ ಎಂದು ಬರೆದಿತ್ತು.

ಇಂಥವನ್ನು ಮನೆಮನೆಗೆ ಮಾರುತ್ತಿದ್ದವನು ಅಮ್ಮನ ತಮ್ಮ ಶಶಿಕಿರಣ್. ಕಾರು ಇದ್ದದ್ದೂ ಅವನ ಬಳಿಯೇ. ಫೋನ್ ಮಾಡಿದೊಡನೆ ಬಂದ. ಕವನ ಡಬ್ಬಿಯನ್ನು ಅವನ ಮುಂದೆ ಹಿಡಿದಳು.

"ಸುಳ್ಳಲ್ಲ ಕವನ, ವಿಜ್ಞಾನಿಗಳೇ ಹೇಳವ್ರೆ," ಎಂದ.

"ಗಾಜಿನ ಕೊಳವೇಲಿ ರಕ್ತ ಹಾಕಿ ನೋಡವ್ರೆ ಮಾವ. ಮನುಷ್ಯರಿಗೆ ಎಷ್ಟು ಕೊಡ್ಬೇಕು ಅಂತ ಹೇಳಿಲ್ಲ. ಇದು ನಿಜವಾಗ್ಲೂ ಕೆಲ್ಸ ಮಾಡೋದಾದ್ರೆ ಇನ್ನೂ ಅಪಾಯ. ಆ ಮಾತ್ರೆ ಜೊತೆ ಇದೂ ಸೇರ್ಕೊಂಡ್ರೆ ರಕ್ತ ನಿಲ್ಲೋದು ಹೆಂಗೆ?"

ಪೂಜೆ ಮುಗಿಸಿ ಬಂದ ಅಪ್ಪ ಚನ್ನಲಿಂಗಪ್ಪನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಕಪ್ಪೆಚಿಪ್ಪು ಅಂದ್ರೆ ಹುಳ ಅಲ್ವೇನ್ಲಾ? ಲಿಂಗ ಕಟ್ಟಿರೋ ಹೆಂಗಸಿಗೆ ಹುಳ ತಿನ್ಸಿದ್ಯಾ?"

"ಅಪ್ಪ, ಅಮ್ಮನ ಬಾಯಲ್ಲಿ ರಕ್ತ ಬತ್ತೈತೆ."

"ಬರ್ಲಿ. ತಿಂದಿದ್ದು ಕಕ್ತಾವ್ಳೆ."

ಗಿರಿಜಾಂಬ ಬಾಯಿಗೆ ಒತ್ತಿದ್ದ ಟವೆಲ್ ತೆಗೆದರು. "ಅವ್ನು ಮುಚ್ಚಿಟ್ಟು ಕೊಡ್ಲಿಲ್ಲ. ಏನು ಅಂತ ಗೊತ್ತಿದ್ದೇ ನುಂಗ್ದೆ. ಕಾಲು ಊದಿ ನಾನು ನರಳ್ತಿದ್ರೆ ಎಂಟು ದಿನ ಎಣ್ಣೆ ತಿಕ್ಕೋ ಅಂದ್ರಿ. ಆಸ್ಪತ್ರೆಗೆ ಕರ್ಕೊಂಡು ಹೋದೋನು ಇವ್ನು. ಆ ನೋವು ಮತ್ತೆ ಬಂದ್ರೆ ಅಂತ ಭಯ ನಂಗೆ."

ಚನ್ನಲಿಂಗಪ್ಪ ಕಾರು ಹತ್ತಲಿಲ್ಲ.

ರಕ್ತ ನಿಲ್ಲಲು ಚುಚ್ಚುಮದ್ದು, ಮೂರು ದಿನ ಹಾಸಿಗೆ. ಎರಡು ದಿನ ತಡವಾಗಿದ್ದರೆ ತಲೆಯೊಳಗೇ ರಕ್ತ ಸೋರುವ ಅಪಾಯವಿತ್ತು ಎಂದರು ಡಾಕ್ಟರ್. ಶಶಿಕಿರಣನ ಮುಖ ಬಿಳುಚಿಕೊಂಡಿತು.

"ಇನ್ನೊಬ್ರಿಗೆ ಮಾರುದ್ರೆ ದೂರು ಕೊಡೋಳು ನಾನೇ," ಎಂದಳು ಕವನ.

ಮನೆಗೆ ಮರಳಿದಾಗ ಚನ್ನಲಿಂಗಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಮಠದಿಂದ ಅಯ್ನೋರು ಬಂದು ಶುದ್ಧಿ ಮಾಡೋವರ್ಗೂ ಹಿತ್ಲಲ್ಲಿರು. ಒಲೆ ಮುಟ್ಬೇಡ."

ಹೇಗಿದ್ದೀಯ ಎಂದು ಅವನು ಕೇಳುತ್ತಾನೇನೋ ಎಂದು ಗಿರಿಜಾಂಬ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಗಳ ಕಡೆ ತಿರುಗಿದರು.

"ನಿನ್ನ ಮಾಗಡಿ ರೂಮಲ್ಲಿ ಇಬ್ರಿಗೆ ಜಾಗ ಐತಾ?"

"ಐತೆ ಕಣಮ್ಮ."

"ಹೋದ್ರೆ ವಾಪಸ್ ಬರ್ಬೇಡ," ಎಂದ ಗಂಡ.

"ಸರಿ," ಎಂದು ಗಿರಿಜಾಂಬ ಮಾಗಡಿ ಬಸ್ಸಿಗೆ ನಡೆದರು.